ಹೊಲೊಡೊಮೊರ್ ಸಿನಿಮಾಗಳಲ್ಲಿ ತೋರಿಸುವ ದೃಶ್ಯಗಳು ಯಾವ ವರ್ಷದವು?

ಪ್ರಶ್ನೆ: ಉಕ್ರೇನಿನ ಹೊಲೊಡೊಮೊರ್ (ಸೋವಿಯತ್ ಆಳ್ವಿಕೆಯಲ್ಲಿ 1932–33ರಲ್ಲಿ ಬಂದ ಮಹಾಕ್ಷಾಮ) ಬಗ್ಗೆ ಮೊದಲು ಯಾವ ಸಿನಿಮಾ ನೋಡಬೇಕು? ಸಾಕ್ಷ್ಯಚಿತ್ರಗಳಲ್ಲಿ ಬರುವ ಕಪ್ಪು-ಬಿಳುಪು ದೃಶ್ಯಗಳು ಆಗಿನವೇ ತಾನೆ?

ಮೊದಲನೆಯದಕ್ಕೆ ಉತ್ತರ ಸುಲಭ. ಆಗ್ನಿಯೆಷ್ಕಾ ಹೊಲಾಂಡ್ ಅವರ ‘ಮಿಸ್ಟರ್ ಜೋನ್ಸ್’ (2019) ನೋಡಿ. ಎದೆ ಗಟ್ಟಿಯಿದ್ದರೆ ಒಲೆಸ್ ಯಾಂಚುಕ್ ಅವರ ‘ಹೊಲೊಡ್-33’ (1991). ‘ಬಿಟರ್ ಹಾರ್ವೆಸ್ಟ್’ (2017) ಪ್ರೇಮಕಥೆ. ನೋಡದಿದ್ದರೂ ನಷ್ಟವಿಲ್ಲ.

ಎರಡನೆಯದಕ್ಕೆ ಎಷ್ಟು ಸಲ ಉತ್ತರಿಸಿದರೂ ಮತ್ತೆ ಬರುತ್ತದೆ. ಅಲ್ಲ, ಆಗಿನವಲ್ಲ. ಎಲುಬುಗೂಡಾದ ಮಕ್ಕಳು, ಗಾಡಿಯಲ್ಲಿ ಪೇರಿಸಿದ ಹೆಣಗಳು ಎಂದು ತೋರಿಸುವುದರಲ್ಲಿ ಬಹುಪಾಲು 1921–23ರ ಇನ್ನೊಂದು ಕ್ಷಾಮದ್ದು, ವೋಲ್ಗಾ ಸೀಮೆ ಮತ್ತು ದಕ್ಷಿಣ ಉಕ್ರೇನಿನದ್ದು. ಆಗ ಸೋವಿಯತ್ ಸರ್ಕಾರವೇ ಹೊರದೇಶಗಳ ಮುಂದೆ ಕೈಚಾಚಿತ್ತು. ಪರಿಹಾರ ಕಾರ್ಯಕ್ಕೆ ನಿಂತ ನಾರ್ವೆಯ ಅನ್ವೇಷಕ ನಾನ್ಸೆನ್ ಅವರಂಥವರು ಚಂದಾ ಎತ್ತಲೆಂದೇ ಫೋಟೊ ತೆಗೆಸಿದರು. ಹತ್ತು ವರ್ಷ ಕಳೆಯುವಷ್ಟರಲ್ಲಿ ಅದೇ ಸರ್ಕಾರ ‘ಕ್ಷಾಮವೇ ಇಲ್ಲ’ ಎಂದಿತು. ವಿದೇಶಿ ಪತ್ರಕರ್ತರು ಉಕ್ರೇನಿಗೆ ಹೋಗದಂತೆ ತಡೆಯಿತು. ಇನ್ನು ಕ್ಯಾಮೆರಾ ಹಿಡಿಯುವವರು ಯಾರು? ಖಾರ್ಕಿವ್‌ನಲ್ಲಿದ್ದ ಆಸ್ಟ್ರಿಯಾದ ಎಂಜಿನಿಯರ್ ಅಲೆಕ್ಸಾಂಡರ್ ವೀನರ್‌ಬರ್ಗರ್ ಕದ್ದುಮುಚ್ಚಿ ತೆಗೆದ ಬೀದಿಯ ಫೋಟೊಗಳು ನಿಜಕ್ಕೂ 1933ರವು. ಅಂಥವು ಬೆರಳೆಣಿಕೆಯಷ್ಟು. 1984ರ ಕೆನಡಾ ಸಾಕ್ಷ್ಯಚಿತ್ರ ‘ಹಾರ್ವೆಸ್ಟ್ ಆಫ್ ಡಿಸ್ಪೇರ್’ನಲ್ಲೂ ಹಳೆಯ ಚಿತ್ರಗಳು ಬೆರೆತಿವೆ.

ಇಷ್ಟು ಹೇಳಿದ ಕೂಡಲೇ ಒಬ್ಬರು ಎದ್ದು ನಿಲ್ಲುತ್ತಾರೆ: ‘ನೋಡಿದಿರಾ, ಫೋಟೊ ಸುಳ್ಳು, ಹಾಗಾಗಿ ಕ್ಷಾಮವೂ ಸುಳ್ಳು!’ ಆಲ್ಬಮ್ಮಿನಲ್ಲಿ ಬೇರೆಯವರ ಮದುವೆ ಫೋಟೊ ಸೇರಿಕೊಂಡಿದ್ದರೆ ನಿಮ್ಮ ಮದುವೆಯೇ ಆಗಿಲ್ಲ ಎನ್ನಲಾದೀತೇ, ಸ್ವಾಮಿ? ಈ ಕ್ಷಾಮದ ಸಾಕ್ಷ್ಯ ಸರ್ಕಾರದ ಕಡತಗಳಲ್ಲೇ ಇದೆ. ರೈತರ ಜಮೀನು ಒಟ್ಟುಗೂಡಿಸಿ ಸರ್ಕಾರ ಮಾಡಿದ ಸಾಮೂಹಿಕ ಹೊಲದ ತೆನೆ ಕದ್ದರೂ ಗುಂಡು ಅಥವಾ ಹತ್ತು ವರ್ಷ ಜೈಲು ಎಂದ 1932ರ ಆಗಸ್ಟ್ 7ರ ಕಾನೂನು. ರೈತರು ಉಕ್ರೇನ್ ದಾಟಿ ಹೋಗದಂತೆ ತಡೆಯಿರಿ ಎಂದು ಸ್ಟಾಲಿನ್ ಮತ್ತು ಅವರ ಪ್ರಧಾನಿ ಮೊಲೊತೊವ್ ಸಹಿ ಹಾಕಿದ 1933ರ ಜನವರಿ 22ರ ಆದೇಶ. ಜನ ಸಾಯುತ್ತಿದ್ದಾಗಲೂ ವರ್ಷಕ್ಕೆ 10 ಲಕ್ಷ ಟನ್ನಿಗೂ ಮಿಕ್ಕಿ ಧಾನ್ಯ ದೇಶದಿಂದ ರಫ್ತಾಯಿತು. 1937ರ ಜನಗಣತಿಯಲ್ಲಿ ತಲೆಗಳು ಕಡಿಮೆ ಬಂದದ್ದಕ್ಕೆ ಲೆಕ್ಕವನ್ನೇ ಮುಚ್ಚಿಟ್ಟರು, ಎಣಿಸಿದ ಅಧಿಕಾರಿಗಳನ್ನು ಬಂಧಿಸಿದರು. ಉಕ್ರೇನಿನಲ್ಲಿ ಸತ್ತವರು 35ರಿಂದ 40 ಲಕ್ಷ ಎಂಬುದು ಬಹುತೇಕ ತಜ್ಞರ ಅಂದಾಜು. ಇದಕ್ಕೆಲ್ಲ ಫೋಟೊ ಬೇಕಿಲ್ಲ.

ಹಾಗಾದರೆ ಆ ಕಾಲದ ಉಕ್ರೇನ್ ಹಳ್ಳಿ ತೆರೆಯ ಮೇಲೆ ಬಂದೇ ಇಲ್ಲವೇ? ಇದನ್ನು ಯಾರೂ ಕೇಳಲಿಲ್ಲ, ಆದರೂ ಹೇಳಿಬಿಡುತ್ತೇನೆ. ಕ್ಷಾಮಕ್ಕೆ ಎರಡು ವರ್ಷ ಮೊದಲು, 1930ರಲ್ಲಿ, ಉಕ್ರೇನಿನ ನಿರ್ದೇಶಕ ದೊವ್‌ಝೆಂಕೊ ಅವರ ‘ಭೂಮಿ’ ಬಂತು. ಮೂಕಿಚಿತ್ರ. ಸಾಮೂಹಿಕ ಬೇಸಾಯದ ಪರ ನಿಂತ ಕಥೆಯೇ, ಅನುಮಾನ ಬೇಡ. ಆದರೂ ತೂಗುವ ಗೋಧಿ, ಮಳೆಯಲ್ಲಿ ನೆನೆದ ಸೇಬು, ಬೆಳದಿಂಗಳ ದಾರಿಯಲ್ಲಿ ಒಬ್ಬನೇ ಕುಣಿಯುವ ನಾಯಕ ವಾಸಿಲ್ ಇವನ್ನೆಲ್ಲ ನೋಡಿದರೆ ನಿರ್ದೇಶಕರ ಮನಸ್ಸು ಕಮ್ಯುನಿಸ್ಟ್ ಪಕ್ಷಕ್ಕಿಂತ ಹೊಲದಲ್ಲೇ ಇತ್ತು ಎನಿಸುತ್ತದೆ. ಪಕ್ಷದ ವಿಮರ್ಶಕರಿಗೂ ಹಾಗೇ ಅನ್ನಿಸಿತು, ಹರಿಹಾಯ್ದರು. ನೀರಿಲ್ಲದ ಟ್ರ್ಯಾಕ್ಟರಿನ ರೇಡಿಯೇಟರಿಗೆ ಊರ ಗಂಡಸರು ಮೂತ್ರ ಹೊಯ್ಯುವ ದೃಶ್ಯವನ್ನು ಸೆನ್ಸಾರಿನವರು ಕತ್ತರಿಸಿದರು. ಈಗ ಸಿಗುವ ಒಳ್ಳೆಯ ಪ್ರತಿಗಳಲ್ಲಿ ಅದು ವಾಪಸ್ ಸೇರಿದೆ. ಹುಡುಕಿ ಅಂಥದ್ದನ್ನೇ ನೋಡಿ.