ಕೊನೆಯ ಡೈವ್ ಎಷ್ಟೊತ್ತಿಗೆ?

ಮಳೆಗಾಲ ಮುಗಿದು ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದ ನೀರು ತಿಳಿಯಾಗುವ ಹೊತ್ತಿಗೆ ನನ್ನ ಫೋನಿಗೂ ಸೀಸನ್ ಶುರುವಾಗುತ್ತದೆ. ನನ್ನ ಹತ್ತಿರ ಸ್ಕೂಬಾ ಡೈವಿಂಗ್ ಕಲಿತ ಉಡುಪಿ, ಮಣಿಪಾಲ, ಮಂಗಳೂರಿನ ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರಾಗಿ ಮೆಸೇಜ್ ಹಾಕುತ್ತಾರೆ. "ಸರ್, ಮಾಲ್ಡೀವ್ಸ್ ಲೈವ್‌ಅಬೋರ್ಡ್ ನೋಡಿದ್ದೇನೆ. 7 ರಾತ್ರಿ, 19 ಡೈವ್. ಇನ್ನೊಂದು ಬೋಟಿನವರು 17 ಮಾತ್ರ ಕೊಡ್ತಾರಂತೆ. ಮೊದಲನೆಯದೇ ಒಳ್ಳೇದಲ್ವಾ?"

ಲೈವ್‌ಅಬೋರ್ಡ್ ಅಂದರೆ ವಾರವಿಡೀ ಬೋಟಿನಲ್ಲೇ ಊಟ, ನಿದ್ದೆ. ದಿನಕ್ಕೆ ಮೂರೋ ನಾಲ್ಕೋ ಡೈವ್. ಖರ್ಚು ಜಾಸ್ತಿ, ವಸೂಲಾಗಬೇಕು ಅನ್ನುವುದು ನನಗೂ ಅರ್ಥವಾಗುತ್ತದೆ. ಆದರೆ ನಾನು ತಿರುಗಿ ಕೇಳುವುದು ಬೇರೆ. ಕೊನೆಯ ಡೈವ್ ಎಷ್ಟೊತ್ತಿಗೆ? ವಾಪಸ್ ಬರುವ ವಿಮಾನ ಎಷ್ಟೊತ್ತಿಗೆ? ಆಚೆ ಕಡೆ ಮೌನ. ಎಸಿ ಇದೆಯಾ, ವೆಜ್ ಊಟ ಸಿಗುತ್ತಾ ಅಂತೆಲ್ಲ ಕೇಳಿಕೊಂಡಿರುತ್ತಾರೆ. ಇದೊಂದು ಬಿಟ್ಟು.

ಕಳೆದ ಬಾರಿ ಕುಂದಾಪುರ ಕಡೆಯ ಬ್ಯಾಂಕ್ ಅಧಿಕಾರಿಯೊಬ್ಬರು ಟಿಕೆಟ್ ಮೊದಲೇ ಮಾಡಿಬಿಟ್ಟಿದ್ದರು. ಬೆಳಿಗ್ಗೆ 6ಕ್ಕೆ ಕೊನೆಯ ಡೈವ್, ಅದೇ ದಿನ ಮಧ್ಯಾಹ್ನ ಮಾಲೆಯಿಂದ ಕೊಚ್ಚಿಗೆ ವಿಮಾನ. "ಎರಡು ಗಂಟೆಯ ದಾರಿಯೂ ಇಲ್ಲ ಸರ್, ಕೊನೆಯ ಡೈವ್ ಬರೀ 12 ಮೀಟರ್" ಎಂದರು. ನನಗೆ ಸಿಟ್ಟು ಬರುವುದು ಇಲ್ಲಿಯೇ. ಡೈವ್ ಆದ ಕೂಡಲೇ ವಿಮಾನ ಹತ್ತಬಾರದು ಅಂತ ಕೋರ್ಸಿನಲ್ಲಿ ಮೂರು ಸಲ ಹೇಳಿರುತ್ತೇನೆ ಮಾರಾಯ್ರೆ! ಪರೀಕ್ಷೆಯಲ್ಲಿ ಸರಿ ಉತ್ತರ ಬರೆದವರೂ ಅವರೇ.

ನಾಲ್ಕನೆಯ ಸಲ ಹೇಳುತ್ತೇನೆ. ಈ ಸಲ ಪಾಠದ ಪುಸ್ತಕ ಬೇಡ, ನಮ್ಮ ಅಟ್ಟದ ಭರಣಿ ಸಾಕು. ಉಪ್ಪು ಸೊಳೆ ಗೊತ್ತಲ್ವಾ? ಹಲಸಿನ ಸೊಳೆಯನ್ನು ಉಪ್ಪಿನಲ್ಲಿ ಹಾಕಿಟ್ಟರೆ ಉಪ್ಪು ನಿಧಾನಕ್ಕೆ ಒಳಗೆ ಇಳಿಯುತ್ತದೆ. ಮಳೆಗಾಲದಲ್ಲಿ ತೆಗೆದಾಗ ಹೊರಗೆ ಬರುವುದೂ ಅಷ್ಟೇ ನಿಧಾನ. ನಲ್ಲಿ ಕೆಳಗೆ ಒಮ್ಮೆ ತೊಳೆದು ಪಲ್ಯ ಮಾಡಿದರೆ ಬಾಯಿಗಿಡಲು ಆಗುವುದಿಲ್ಲ. ನೀರಿನಲ್ಲಿ ನೆನೆಹಾಕಬೇಕು, ನೀರು ಬದಲಿಸಬೇಕು, ಕಾಯಬೇಕು.

ನೈಟ್ರೋಜನ್ ಕಥೆಯೂ ಇದೇ. ಸಿಲಿಂಡರಿನ ಗಾಳಿಯಲ್ಲಿ ಶೇಕಡಾ 78 ಅದೇ ಇರುವುದು. 30 ಮೀಟರ್ ಆಳದಲ್ಲಿ ಒತ್ತಡ ಮೇಲಿನದರ 4 ಪಟ್ಟು, ಹಾಗಾಗಿ ಅದು ಮೈಯೊಳಗೆ ಇಳಿಯುತ್ತಾ ಹೋಗುತ್ತದೆ. ರಕ್ತದಿಂದ ಬೇಗ ಬಿಟ್ಟುಹೋಗುತ್ತದೆ. ಕೊಬ್ಬು, ಗಂಟುಗಳಂಥ ಜಾಗ ತಡವಾಗಿ ತುಂಬುತ್ತದೆ, ಖಾಲಿಯಾಗುವುದೂ ತಡ. ಎರಡು ಡೈವ್ ನಡುವಿನ ಗಂಟೆ ಎರಡು ಗಂಟೆ ಬಿಡುವು ಅಂದರೆ ನಲ್ಲಿ ನೀರಿನಲ್ಲಿ ತೊಳೆದ ಹಾಗೆ. 6 ದಿನ ದಿನಕ್ಕೆ ಮೂರರಂತೆ ಇಳಿದವರು ಭರಣಿಯ ಸೊಳೆಯೇ ಆಗಿರುತ್ತಾರೆ. ಕೊನೆಗೆ ಸ್ವಲ್ಪ ಹೊತ್ತು ಕಡಿಮೆ ಉಪ್ಪಿನ ನೀರಿಗೆ ಹಾಕಿದರೆ ಹಳೆಯ ಉಪ್ಪು ಹೋಯಿತಾ? "ಕೊನೆಯದು ಬರೀ 12 ಮೀಟರ್" ಅನ್ನುವುದಕ್ಕೆ ನನ್ನ ಉತ್ತರ ಇದು.

ಇನ್ನು ವಿಮಾನದ ಒಳಗಿನ ಒತ್ತಡ. ಅದು 2,400 ಮೀಟರ್ ಎತ್ತರದಲ್ಲಿ ಇರುವಷ್ಟರ ತನಕ ಇಳಿಯಬಹುದು. ನಮ್ಮ ರಾಜ್ಯದ ಅತಿ ಎತ್ತರದ ಜಾಗ ಮುಳ್ಳಯ್ಯನಗಿರಿ, ಅದೇ 2,000 ಮೀಟರ್ ಇಲ್ಲ. ದಾರಿ ಒಂದು ಗಂಟೆಯದೋ ಹತ್ತು ಗಂಟೆಯದೋ, ವಿಮಾನ ಮೇಲೇರಿದ ಕೂಡಲೇ ಒತ್ತಡ ಇಳಿಯುತ್ತದೆ. ಉಳಿದ ನೈಟ್ರೋಜನ್ ಗುಳ್ಳೆಯಾಗುವುದು ಆಗಲೇ, ಗಂಟು ನೋವು, ಜೋಮು ಬರುವುದು ಆ ಗುಳ್ಳೆಗಳಿಂದ. ಡೈವರ್‌ಗಳ ಸುರಕ್ಷತೆಗೆಂದೇ ಇರುವ ಸಂಸ್ಥೆ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಲಹೆಯಂತೆ ಒಂದೇ ಒಂದು ಸಾದಾ ಡೈವ್ ಆದರೆ ಕನಿಷ್ಠ 12 ಗಂಟೆ ಕಾಯಬೇಕು. ದಿನಕ್ಕೆ ಹಲವು ಅಥವಾ ಹಲವು ದಿನ ಇಳಿದವರಿಗೆ ಕನಿಷ್ಠ 18. ನಾನು 24 ಎನ್ನುತ್ತೇನೆ. 24 ಆದರೂ ಗ್ಯಾರಂಟಿ ಅಂತ ಬರೆದುಕೊಡಲಾರೆ, ಮೈಯಿಂದ ಮೈಗೆ ವ್ಯತ್ಯಾಸ ಇದೆ. ನೈಟ್ರಾಕ್ಸ್, ಅಂದರೆ ನೈಟ್ರೋಜನ್ ಕಡಿಮೆ ಮಾಡಿ ಆಕ್ಸಿಜನ್ ಹೆಚ್ಚಿಸಿದ ಗಾಳಿ, ತೆಗೆದುಕೊಂಡರೂ ಈ ಲೆಕ್ಕ ಕಡಿಮೆ ಮಾಡಬೇಡಿ. ಆಳ, ಸಮಯದ ಲೆಕ್ಕ ಇಡುವ ಡೈವ್ ಕಂಪ್ಯೂಟರನ್ನು ಬಾಡಿಗೆಗೆ ತಂದು ದಿನಕ್ಕೊಂದು ಕೈಗೆ ಕಟ್ಟಿಕೊಂಡರೆ ಅದಕ್ಕೆ ನಿಮ್ಮ ನಿನ್ನೆಯ ಡೈವ್ ಗೊತ್ತೇ ಇರುವುದಿಲ್ಲ. ಇಡೀ ವಾರ ಒಂದೇ ಇರಲಿ.

ಘಾಟಿಯೂ ಎತ್ತರವೇ, ಅದು ಯಾರಿಗೂ ನೆನಪಾಗುವುದಿಲ್ಲ. ನೇತ್ರಾಣಿಯಲ್ಲಿ ಎರಡು ಡೈವ್ ಮುಗಿಸಿ, ಮುರ್ಡೇಶ್ವರದಲ್ಲಿ ಊಟ ಮಾಡಿ, ಆಗುಂಬೆಯ ಸೂರ್ಯಾಸ್ತಕ್ಕೆ ಹೊರಟ ಜೋಡಿಯನ್ನು ನಾನೇ ತಡೆದಿದ್ದೇನೆ. ಆಗುಂಬೆ 640 ಮೀಟರ್ ಆಸುಪಾಸು, ಕಾಯಬೇಕೆಂಬ ಆ ಸಲಹೆ ಲೆಕ್ಕಕ್ಕೆ ಬರುವುದೂ ಸುಮಾರು 600 ಮೀಟರಿನಿಂದಲೇ. ಏನೂ ಆಗದೆಯೂ ಇರಬಹುದು. ಆದರೂ ಸುಮ್ನೆ ಯಾಕೆ? ಸೂರ್ಯ ಮುರ್ಡೇಶ್ವರದಲ್ಲೂ ಮುಳುಗುತ್ತಾನೆ.

ಏನೂ ಆಗುವುದಿಲ್ಲ ಎಂದುಕೊಂಡ ಇನ್ನೊಬ್ಬ ಹುಡುಗ, ಮಂಗಳೂರಿನವನು, ಊರಿಗೆ ಬಂದ ಮೇಲೆ ಮೊಣಕೈ ನೋವು ಅಂತ ಮೂರು ದಿನ ಎಣ್ಣೆ ತಿಕ್ಕಿದ. ಬ್ಯಾಗ್ ಎತ್ತಿದ್ದಕ್ಕೆ ಇರಬೇಕು ಎಂದುಕೊಂಡಿದ್ದ. ಬೆರಳು ಜೋಮು ಹಿಡಿದ ಮೇಲೆ ನನಗೆ ಫೋನ್. ನಾನು ಡಾಕ್ಟರ್ ಅಲ್ಲ, ಡಾಕ್ಟರ ಹತ್ತಿರ ಓಡಿಸಿದೆ. ಕೊನೆಗೆ ಒತ್ತಡದ ಚೇಂಬರಿನಲ್ಲಿ ಮಲಗಬೇಕಾಯಿತು. ಈಗ ಚೆನ್ನಾಗಿದ್ದಾನೆ. ಸಾಮಾನ್ಯ ಟ್ರಾವೆಲ್ ಇನ್ಶೂರೆನ್ಸ್ ಇತ್ತು, ಅದರಲ್ಲಿ ಸ್ಕೂಬಾ ಸೇರಿರಲಿಲ್ಲ. ಪಾಲಿಸಿ ಓದಿ ಸಹಿ ಮಾಡಿ.

ಹಾಗಾಗಿ ಬೋಟು ಆರಿಸುವಾಗ ನಾನು ಮೊದಲು ನೋಡುವುದು ವೇಳಾಪಟ್ಟಿಯ ಕೊನೆಯ ಪುಟ. ಬೋಟಿನಿಂದ ಇಳಿಯುವ ಹಿಂದಿನ ದಿನವೇ ಡೈವ್ ನಿಲ್ಲಿಸುವವರು ಕೆಲಸ ಗೊತ್ತಿದ್ದವರು. ಆಮೇಲೆ ನಿಮ್ಮ ಮಟ್ಟ. ಇನ್‌ಸ್ಟ್ರಕ್ಟರ್ ಕೈ ಹಿಡಿದುಕೊಂಡು ಅರ್ಧ ಗಂಟೆ ಮೀನು ನೋಡಿದ್ದು ಸರ್ಟಿಫಿಕೇಟ್ ಅಲ್ಲ. ಮಾಲ್ಡೀವ್ಸಿನ ದ್ವೀಪಗಳ ನಡುವಿನ ಕಾಲುವೆಗಳಲ್ಲಿ ಸೆಳೆತ ಜೋರು, ಆಳಕ್ಕೆ ಕಾನೂನಿನ ಮಿತಿ 30 ಮೀಟರ್. ಅಡ್ವಾನ್ಸ್‌ಡ್ ಕೋರ್ಸ್ ಇಲ್ಲದೆ, ಇಪ್ಪತ್ತು ಮೂವತ್ತು ಡೈವ್ ಆದರೂ ಇಲ್ಲದೆ ಹೋದರೆ ಖುಷಿ ಸಿಗುವುದಿಲ್ಲ, ಹೆದರಿಕೆ ಸಿಗುತ್ತದೆ.

ಮತ್ತೆ ರಾತ್ರಿಯ ವಿಷಯ. 2019ರ ಸೆಪ್ಟೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಹತ್ತಿರ ಕನ್ಸೆಪ್ಷನ್ ಎಂಬ ಡೈವ್ ಬೋಟಿಗೆ ಬೆಂಕಿ ಬಿತ್ತು. ಕೆಳಗಿನ ಅಂತಸ್ತಿನಲ್ಲಿ ಮಲಗಿದ್ದ 34 ಮಂದಿಯೂ ಸತ್ತರು. ರಾತ್ರಿ ಸುತ್ತು ಹಾಕುವ ಕಾವಲು ಇರಲಿಲ್ಲ. ಒಬ್ಬ ಎಚ್ಚರ ಇರಬೇಕು ಅಂತ ಮಲ್ಪೆಯಲ್ಲಿ ಮೀನಿನ ಬೋಟು ನಡೆಸುವ ಯಾವ ತಾಂಡೇಲನಿಗೂ ಹೇಳಿಕೊಡಬೇಕಾಗಿಲ್ಲ. ನಿಮ್ಮ ಬೋಟಿನವರಿಗೆ ಕೇಳಿ. ಕ್ಯಾಬಿನ್ನಿನಿಂದ ಹೊರಬರಲು ಎರಡನೇ ದಾರಿ ಎಲ್ಲಿ, ಕ್ಯಾಮೆರಾ ಬ್ಯಾಟರಿ ಚಾರ್ಜ್ ಮಾಡುವುದು ಎಲ್ಲಿ, ಆಕ್ಸಿಜನ್ ಎಲ್ಲಿದೆ ಅಂತಲೂ ಕೇಳಿ. ಮುಖ ಸಿಂಡರಿಸಿದರೆ ಬೇರೆ ಬೋಟು ನೋಡಿ.

ಬ್ಯಾಂಕಿನವರು ಕೊನೆಗೂ ಟಿಕೆಟ್ ಮರುದಿನಕ್ಕೆ ಬದಲಿಸಿದರು. ದಂಡ ಕಟ್ಟಿದ್ದಕ್ಕೆ ನನ್ನ ಮೇಲೆ ಸ್ವಲ್ಪ ಮುನಿಸು. ಮಾಲೆಯಲ್ಲಿ ಒಂದಿಡೀ ದಿನ ಸುಮ್ಮನೆ ಕೂತು ಸಂಜೆ ಫೋನ್ ಮಾಡಿದರು. "ಮೂರು ಹೊತ್ತೂ ಟ್ಯೂನಾ ಸರ್. ಒಂದು ಬಂಗುಡೆ ಪುಳಿಮುಂಚಿ ಸಿಕ್ಕಿದ್ರೆ ಇನ್ನೂ ಎರಡು ದಿನ ಕಾಯ್ತಿದ್ದೆ."