ಆರು ಮತಕ್ಕೆ ಇಷ್ಟೊಂದು ಕ್ಯಾಮೆರಾ!

ಅಮೆರಿಕದಲ್ಲಿ ನಾಲ್ಕು ವರ್ಷಕ್ಕೊಮ್ಮೆ ಗಿಣಿ ಶಾಸ್ತ್ರ ನಡೆಯುತ್ತದೆ. ಗಿಣಿಯ ಹೆಸರು ಡಿಕ್ಸ್‌ವಿಲ್ ನಾಚ್. ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಉತ್ತರದಲ್ಲಿ, ಕೆನಡಾ ಗಡಿಯ ಹತ್ತಿರ ಇರುವ ಪುಟ್ಟ ಊರು. ಅಧ್ಯಕ್ಷೀಯ ಚುನಾವಣೆಯ ದಿನ ಶುರುವಾಗುವ ರಾತ್ರಿ 12 ಹೊಡೆಯುತ್ತಿದ್ದಂತೆ ಇಲ್ಲಿನವರು ಮತ ಹಾಕುತ್ತಾರೆ. ಕೆಲವೇ ನಿಮಿಷಗಳಲ್ಲಿ ಎಣಿಕೆಯೂ ಮುಗಿಯುತ್ತದೆ. 2024ರಲ್ಲಿ ಕಮಲಾ ಹ್ಯಾರಿಸ್‌ಗೆ 3, ಡೊನಾಲ್ಡ್ ಟ್ರಂಪ್‌ಗೆ 3. ಅಷ್ಟೇ ಮತ! ಆದರೂ ದೇಶದ ಮೊದಲ ಫಲಿತಾಂಶ ಅಂತ ಸುದ್ದಿ ಲೋಕವೆಲ್ಲಾ ಸುತ್ತುತ್ತದೆ. ಇದರಲ್ಲಿ ಶಕುನ ಹುಡುಕುವವರಿಗೂ ಕಡಿಮೆಯಿಲ್ಲ.

ಈ ಪದ್ಧತಿ ಡಿಕ್ಸ್‌ವಿಲ್‌ಗಿಂತ ಮೊದಲೇ ಬೇರೆಡೆ ಇತ್ತು. ಅದೇ ರಾಜ್ಯದ ಹಾರ್ಟ್ಸ್ ಲೊಕೇಶನ್ ಎಂಬ ಊರಲ್ಲಿ ರೈಲ್ವೆ ಕೆಲಸಗಾರರು ಬೆಳಗ್ಗೆ ಮತಗಟ್ಟೆ ತೆರೆಯುವ ಮೊದಲೇ ಡ್ಯೂಟಿಗೆ ಹೋಗಬೇಕಿತ್ತು. ಹಾಗಾಗಿ 1948ರಲ್ಲಿ ಮಧ್ಯರಾತ್ರಿಯೇ ಮತದಾನ ಇಟ್ಟುಕೊಂಡರು. ಪತ್ರಕರ್ತರ ಕಾಟಕ್ಕೆ ಬೇಸತ್ತು 1964ರಲ್ಲಿ ಬಿಟ್ಟೂ ಬಿಟ್ಟರು. 1996ರಲ್ಲಿ ಮತ್ತೆ ಶುರುಮಾಡಿದರು. ಡಿಕ್ಸ್‌ವಿಲ್ ಕಣಕ್ಕಿಳಿದದ್ದು 1960ರಲ್ಲಿ. ಅಲ್ಲಿನ ಬಾಲ್ಸಮ್ಸ್ ಹೋಟೆಲಿನ ಮಾಲೀಕ ನೀಲ್ ಟಿಲ್ಲಟ್ಸನ್ ಇದಕ್ಕೆ ಕಾರಣ. ಲ್ಯಾಟೆಕ್ಸ್ ಬಲೂನು ಮಾಡಿ ದುಡ್ಡು ಕಂಡ ಮನುಷ್ಯ. 2001ರಲ್ಲಿ, 102ನೇ ವಯಸ್ಸಿನಲ್ಲಿ ಸಾಯುವವರೆಗೂ ಊರಿನ ಮೊದಲ ಮತ ಅವನದೇ.

ಇನ್ನು ಡಿಕ್ಸ್‌ವಿಲ್‌ನಲ್ಲಿ ಎಲ್ಲರೂ ಮತ ಹಾಕುತ್ತಾರೆ ಎಂಬ ಆ ಪ್ರಸಿದ್ಧ ಶೇ. 100 ಮತದಾನ. 2020ರಲ್ಲಿ ಇಡೀ ಅಮೆರಿಕದಲ್ಲಿ ಅರ್ಹರಲ್ಲಿ ಸುಮಾರು ಶೇ. 66 ಮಂದಿ ಮತ ಹಾಕಿದ್ದರು. ಹಾಗಾದರೆ ಡಿಕ್ಸ್‌ವಿಲ್‌ನವರು ಅಷ್ಟು ಒಳ್ಳೆಯ ಪ್ರಜೆಗಳಾ? ಇರಬಹುದು. ಆದರೆ ನಿಯಮ ನೋಡಿ. ಪಟ್ಟಿಯಲ್ಲಿರುವ ಎಲ್ಲರೂ ಮತ ಹಾಕಿದರೆ ಮಾತ್ರ ಮತಗಟ್ಟೆಯನ್ನು ಬೇಗ ಮುಚ್ಚಬಹುದು. ಒಬ್ಬರು ಬರದಿದ್ದರೂ ಸಂಜೆಯವರೆಗೆ ಕಾಯಬೇಕು. ಆಮೇಲೆ ಮಧ್ಯರಾತ್ರಿಯ ಫಲಿತಾಂಶವೂ ಇಲ್ಲ, ಕ್ಯಾಮೆರಾವೂ ಇಲ್ಲ. ಅಂದರೆ ಶೇ. 100 ಆಗದ ರಾತ್ರಿ ನಮ್ಮ ಕಿವಿಗೇ ಬೀಳುವುದಿಲ್ಲ.

ನನಗೆ ಇಷ್ಟವಾದ ಭಾಗ ಈಗ ಬಂತು. ಆರು ನಾಣ್ಯ ಚಿಮ್ಮಿ. ಸರಿಯಾಗಿ 3–3 ಬೀಳುವ ಸಾಧ್ಯತೆ 64ರಲ್ಲಿ 20, ಅಂದರೆ ಶೇ. 31. ಯಾವ ರಾಜಕೀಯವೂ ಇಲ್ಲದೆ, ಸುಮ್ನೆ ಲೋಹದ ಬಿಲ್ಲೆಗಳಿಂದ ಬಂದ 'ಸಮಬಲ' ಇದು. 2020ರಲ್ಲಿ ಐದಕ್ಕೆ ಐದೂ ಜೋ ಬೈಡನ್‌ಗೆ ಬಿದ್ದವು. ರಾಜ್ಯದಲ್ಲಿ ಅವರಿಗೆ ಸಿಕ್ಕಿದ್ದು ಸುಮಾರು ಶೇ. 53. ಅಂಥ ರಾಜ್ಯದಿಂದ ಕಣ್ಣುಮುಚ್ಚಿ ಐವರನ್ನು ಆರಿಸಿದರೆ ಐವರೂ ಬೈಡನ್ ಕಡೆಯವರೇ ಆಗುವ ಸಾಧ್ಯತೆ ಶೇ. 4. ಕಡಿಮೆ ನಿಜ, ಆದರೆ ಪವಾಡವೇನಲ್ಲ.

18ನೇ ಶತಮಾನದಲ್ಲಿ ಲಂಡನ್ನಿನಲ್ಲಿದ್ದ ಗಣಿತಜ್ಞ ಅಬ್ರಹಾಂ ಡಿ ಮಾವ್ರ್ ಜೂಜಾಟದ ಲೆಕ್ಕ ಹಾಕುತ್ತಾ ಇದರ ಹಿಂದಿನ ನಿಯಮ ಕಂಡುಕೊಂಡ. ಆಕಸ್ಮಿಕ ಏರಿಳಿತ ತಗ್ಗುವುದು ಜನರ ಸಂಖ್ಯೆಯ ವರ್ಗಮೂಲದ ಲೆಕ್ಕದಲ್ಲಿ. ಅದನ್ನು ಅರ್ಧ ಮಾಡಲು ನಾಲ್ಕು ಪಟ್ಟು ಜನ ಬೇಕು. ಎರಡೂ ಕಡೆ ಸಮ ಒಲವಿರುವಲ್ಲಿ ಸಾವಿರ ಜನರನ್ನು ಕೇಳಿದರೆ ಉತ್ತರ ಸಾಮಾನ್ಯವಾಗಿ ಒಂದೂವರೆ ಶೇಕಡಾ ಅಂಶ ಅತ್ತಿತ್ತ ಆಗುತ್ತದೆ. ಆರು ಜನರನ್ನು ಕೇಳಿದರೆ 20 ಅಂಶ! ಅದೂ ಆ ಆರು ಜನ ಒಬ್ಬರಿಗೊಬ್ಬರು ಅಪರಿಚಿತರಾಗಿದ್ದರೆ. ಒಂದೇ ಊರು, ಒಂದೇ ಮನೆ, ಒಂದೇ ಊಟದ ಮೇಜು ಅಂದರೆ ಆರು ಸ್ವತಂತ್ರ ಮತಗಳೂ ಅಲ್ಲ.

ಹಾಗಂತ ಗಿಣಿಯ ಹಳೇ ದಾಖಲೆ ನೋಡಬಾರದು ಅಂತಿಲ್ಲ. 1960ರಲ್ಲಿ ಒಂಬತ್ತಕ್ಕೆ ಒಂಬತ್ತೂ ನಿಕ್ಸನ್‌ಗೆ, ಗೆದ್ದದ್ದು ಕೆನಡಿ. 1968ರಲ್ಲಿ ಹಂಫ್ರಿಗೆ 8, ನಿಕ್ಸನ್‌ಗೆ 4, ಗೆದ್ದದ್ದು ನಿಕ್ಸನ್. ಆಮೇಲೆ 2004ರವರೆಗೆ ಪ್ರತಿ ಸಲವೂ ರಿಪಬ್ಲಿಕನ್ ಅಭ್ಯರ್ಥಿಯೇ ಮುಂದೆ. ಆ ಒಂಬತ್ತು ಚುನಾವಣೆಗಳಲ್ಲಿ ಆರು ಸರಿಹೋದವು. ಏಕೆಂದರೆ ಆರು ಸಲ ದೇಶದಲ್ಲೂ ಅದೇ ಪಕ್ಷ ಗೆದ್ದಿತ್ತು, ಅಷ್ಟೇ. 2016ರಲ್ಲಿ ಹಿಲರಿ ಕ್ಲಿಂಟನ್‌ಗೆ 4, ಟ್ರಂಪ್‌ಗೆ 2. ಮುಂದಿನದು ನಿಮಗೇ ಗೊತ್ತು.

ನಿಜಕ್ಕೂ ಯೋಚಿಸಬೇಕಾದ್ದು ಬೇರೆ ಇದೆ, ಅದರ ಬಗ್ಗೆ ಮಾತು ಕಡಿಮೆ. ಇಷ್ಟು ಸಣ್ಣ ಊರಲ್ಲಿ ಗುಪ್ತ ಮತದಾನ ಗುಪ್ತವಾಗಿ ಉಳಿಯುತ್ತದೆಯಾ? 5–0 ಬಂದ ದಿನ ಐವರ ಮತವೂ ಬಯಲು. 2024ರ ಜನವರಿಯ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಆರೂ ಮತ ರಿಪಬ್ಲಿಕನ್ ಪಕ್ಷದ ನಿಕಿ ಹೇಲಿಗೆ ಬಿದ್ದಾಗಲೂ ಅದೇ ಕಥೆ. ನವೆಂಬರಿನ 3–3ರಲ್ಲಿ ಸ್ವಲ್ಪ ಮರೆ ಇತ್ತು. ಆದರೆ ಮತದಾರರಲ್ಲಿ ನಾಲ್ವರು ರಿಪಬ್ಲಿಕನ್ ಎಂದು ನೋಂದಾಯಿಸಿಕೊಂಡವರು, ಇಬ್ಬರು ಯಾವ ಪಕ್ಷವನ್ನೂ ಹೇಳದವರು. ಆ ಇಬ್ಬರೂ ಹ್ಯಾರಿಸ್‌ಗೆ ಹಾಕಿದರು ಅಂದುಕೊಂಡರೂ ಮೂರನೆಯ ಮತ ಬರಬೇಕಾದ್ದು ಒಬ್ಬ ರಿಪಬ್ಲಿಕನ್ ಕೈಯಿಂದಲೇ, ಅಲ್ವಾ?