ಸೊಫ್ರೀತೊ: ಒಗ್ಗರಣೆಯಲ್ಲದ ಒಗ್ಗರಣೆ

ಸ್ಪೇನ್ ಶೈಲಿಯಲ್ಲಿ ಅಕ್ಕಿ ಮತ್ತು ಕಾಳು ಬೇಯಿಸಲು ಹೊರಟವರಿಗೆ ಮೊದಲು ಎದುರಾಗುವ ಪದ ಸೊಫ್ರೀತೊ: ಈರುಳ್ಳಿ, ಟೊಮೆಟೊಗಳನ್ನು ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಬೇಯಿಸಿದ, ಅಡುಗೆಗೆ ತಳಹದಿಯಾಗುವ ಮಸಾಲೆ. ಇದನ್ನು ಕನ್ನಡದಲ್ಲಿ ‘ಒಗ್ಗರಣೆ’ ಎಂದು ಬರೆದು ಮುಂದೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ಒಗ್ಗರಣೆ ಕ್ಷಣಮಾತ್ರದ ಕೆಲಸ. ಎಣ್ಣೆ ಚೆನ್ನಾಗಿ ಕಾಯಬೇಕು, ಸಾಸಿವೆ ಸಿಡಿಯಬೇಕು, ಕರಿಬೇವು ಚಟಪಟ ಎನ್ನುತ್ತಿರುವಾಗಲೇ ಇಳಿಸಬೇಕು. ಸೊಫ್ರೀತೊದಲ್ಲಿ ಚಟಪಟ ಕೇಳಿಸಿದರೆ ಉರಿ ಹೆಚ್ಚಾಯಿತೆಂದೇ ಲೆಕ್ಕ.

ಪದವನ್ನು ಬಿಡಿಸಿದರೆ ಈ ವ್ಯತ್ಯಾಸ ಅಲ್ಲೇ ಸಿಗುತ್ತದೆ. ಸ್ಪ್ಯಾನಿಷ್‌ನಲ್ಲಿ ‘ಫ್ರೆಯೀರ್’ ಎಂದರೆ ಕರಿಯುವುದು. ‘ಅಡಿ, ಕೆಳಗೆ’ ಎಂಬ ಅರ್ಥದ, ಲ್ಯಾಟಿನ್‌ನಿಂದ ಬಂದ ‘ಸೊ’ ಅದರ ಮೊದಲಿಗೆ ಸೇರಿ ‘ಸೊಫ್ರೆಯೀರ್’ ಆಗುತ್ತದೆ: ಕರಿಯುವ ಮಟ್ಟಕ್ಕೆ ಮುಟ್ಟಿಸದೆ ಬೇಯಿಸುವುದು. ಹಾಗೆ ಬೆಂದದ್ದು ಸೊಫ್ರೀತೊ. ಕನ್ನಡದಲ್ಲಿ ಇದಕ್ಕೆ ಹತ್ತಿರದ ಮಾತು ‘ಬಾಡಿಸುವುದು’. ಈರುಳ್ಳಿ ಬಾಡಿಸಲು ನಾವು ಐದು ನಿಮಿಷ ಕೊಡುತ್ತೇವೆ, ಅವರು ಅರ್ಧ ಗಂಟೆಗೂ ಮೀರಿ ಕೊಡುತ್ತಾರೆ.

ಪದ ಹಳೆಯದು. ಈಶಾನ್ಯ ಸ್ಪೇನಿನ ಕೆಟಲನ್ ಭಾಷೆಯ 14ನೇ ಶತಮಾನದ ಅಡುಗೆ ಬರಹಗಳಲ್ಲೇ ‘ಸೊಫ್ರೆಜಿತ್’ ಎಂಬ ರೂಪ ಸಿಗುತ್ತದೆ. ಆಗ ಅದರಲ್ಲಿ ಟೊಮೆಟೊ ಇರಲು ಸಾಧ್ಯವೇ ಇರಲಿಲ್ಲ. ಟೊಮೆಟೊ, ಕ್ಯಾಪ್ಸಿಕಂ, ಮೆಣಸಿನಕಾಯಿ ಮೂರೂ 1492ರ ನಂತರ ಅಮೆರಿಕ ಖಂಡದಿಂದ ಹಡಗಿನಲ್ಲಿ ಬಂದವು. ಇಂದು ಸ್ಪೇನಿನ ತಟ್ಟೆಯಲ್ಲಿರುವ ಬೀನ್ಸ್ ಕಾಳೂ ಬಹುಪಾಲು ಅಲ್ಲಿನದೇ. ಅಕ್ಕಿ ಮಾತ್ರ ಅದಕ್ಕೂ ಮೊದಲೇ ಅರಬ್ಬರ ಜೊತೆ ಬಂದಿತ್ತು. ಸ್ಪ್ಯಾನಿಷ್‌ನ ‘ಅರ್ರೋಸ್’ ಅರಬ್ಬಿಯ ‘ಅರ್-ರುಝ್’ನಿಂದ ಹುಟ್ಟಿದ ಪದ. ಹೀಗೆ ಎರಡು ದಿಕ್ಕಿನಿಂದ ಬಂದ ಅಕ್ಕಿಯನ್ನೂ ಕಾಳನ್ನೂ ಒಂದೇ ಅಡುಗೆಯಾಗಿ ಬೆಸೆಯುವುದು ಸೊಫ್ರೀತೊ. ಸ್ಪೇನಿನ ಹೆಸರಾಂತ ಅನ್ನದ ಅಡುಗೆ ಪಯೇಯಾ ಎಂದರೆ ಸೀಗಡಿ ಎಂದುಕೊಂಡವರು ಬಹಳ. ಅಲ್ಲಿನ ವಲೆನ್ಸಿಯಾ ಪ್ರದೇಶದ ಸಾಂಪ್ರದಾಯಿಕ ಪಯೇಯಾದಲ್ಲಿ ಇರುವುದು ಕೋಳಿ, ಮೊಲ ಮತ್ತು ಬೀನ್ಸ್. ಅಲ್ಲಿಯವರು ‘ಗರ್ರೊಫೊ’ ಎನ್ನುವ ದೊಡ್ಡ ಬಿಳಿ ಕಾಳು ನಾವು ಸಾಗುವಿಗೆ ಹಾಕುವ ಡಬಲ್ ಬೀನ್ಸ್‌ನ ಜಾತಿಯದೇ.

ಇನ್ನು ಒಲೆಯ ಮುಂದೆ. ನಾಲ್ಕು ಚಮಚ ಆಲಿವ್ ಎಣ್ಣೆ, ಸಣ್ಣಗೆ ಹೆಚ್ಚಿದ ಒಂದು ದೊಡ್ಡ ಈರುಳ್ಳಿ, ಅರ್ಧ ಕ್ಯಾಪ್ಸಿಕಂ, ಚಿಟಿಕೆ ಉಪ್ಪು. ಉರಿ ಸಣ್ಣಗಿರಲಿ. ಉಪ್ಪು ಈರುಳ್ಳಿಯ ನೀರನ್ನು ಎಳೆದು ತೆಗೆಯುತ್ತದೆ. ಆ ನೀರು ಆರುವವರೆಗೆ ಈರುಳ್ಳಿ ಹೊತ್ತುವುದಿಲ್ಲ. ಇಪ್ಪತ್ತು ನಿಮಿಷಕ್ಕೆ ಅದು ಗಾಜಿನಂತಾಗಿ, ಆಮೇಲೆ ಜೇನುಬಣ್ಣಕ್ಕೆ ತಿರುಗುತ್ತದೆ. ಬೆಳ್ಳುಳ್ಳಿಯ ಸರದಿ ಆಗ. ಕೊನೆಗೆ ಎರಡು ಟೊಮೆಟೊ: ಅಡ್ಡಲಾಗಿ ಕತ್ತರಿಸಿ, ಕತ್ತರಿಸಿದ ಮುಖವನ್ನು ತುರಿಮಣೆಗೆ ಒತ್ತಿ ಉಜ್ಜಿದರೆ ತಿರುಳು ಕೆಳಗೆ ಬೀಳುತ್ತದೆ, ಸಿಪ್ಪೆ ಅಂಗೈಯಲ್ಲಿ ಉಳಿಯುತ್ತದೆ. ಸಿಪ್ಪೆ ಬಿಡಿಸಲು ಕುದಿಸುವ ತಾಪತ್ರಯವೇ ಇಲ್ಲ.

ಈ ಕ್ರಮವನ್ನು ದಯವಿಟ್ಟು ಬದಲಿಸಬೇಡಿ. ಒಮ್ಮೆ ಅವಸರದಲ್ಲಿ ನಾನು ಎಲ್ಲವನ್ನೂ ಒಟ್ಟಿಗೆ ಹಾಕಿದ್ದೆ. ಎಷ್ಟು ಹೊತ್ತು ಬೇಯಿಸಿದರೂ ಈರುಳ್ಳಿ ಹಲ್ಲಿಗೆ ಕರಕರ ಸಿಗುತ್ತಿತ್ತು. ಟೊಮೆಟೊದ ಹುಳಿ ತರಕಾರಿ ಮೆತ್ತಗಾಗುವುದನ್ನು ತಡೆಯುತ್ತದೆ. ಕಾಳಿಗೂ ಇದೇ ನಿಯಮ, ಆದ್ದರಿಂದ ಕಾಳು ಪೂರ್ತಿ ಬೆಂದ ಮೇಲೆಯೇ ಸೊಫ್ರೀತೊಗೆ ಸೇರಬೇಕು. ರಾಜ್ಮಾ ಬಳಸುವುದಾದರೆ ರಾತ್ರಿ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಕನಿಷ್ಠ ಹತ್ತು ನಿಮಿಷ ಕೊತಕೊತ ಕುದಿಸಿಯೇ ಮುಂದುವರಿಯಿರಿ. ಅರೆಬೆಂದ ರಾಜ್ಮಾ ಹೊಟ್ಟೆ ಕೆಡಿಸುತ್ತದೆ.

ಸೊಫ್ರೀತೊ ಆಯಿತೆಂದು ತಿಳಿಯುವುದು ಹೇಗೆ? ಸೌಟಿನಿಂದ ಬಾಣಲೆಯ ತಳದಲ್ಲಿ ಗೆರೆ ಎಳೆಯಿರಿ. ಗೆರೆ ತಕ್ಷಣ ಮುಚ್ಚಿಕೊಳ್ಳದೆ ನಿಂತು, ಅಂಚಿನಲ್ಲಿ ಕೆಂಪೆಣ್ಣೆ ಬಿಟ್ಟುಕೊಂಡಿದ್ದರೆ ಆಯಿತು. ಇಟ್ಟ ಪದಾರ್ಥ ಮೂರರಲ್ಲೊಂದು ಪಾಲಿಗೆ ಇಳಿದಿರುತ್ತದೆ, ವಾಸನೆಯಲ್ಲಿ ಹಸಿತನ ಇರುವುದಿಲ್ಲ. ಆಗ ಒಂದು ಚಮಚ ಪಿಮೆಂತೋನ್, ಅಂದರೆ ಸ್ಪೇನಿನ ಕೆಂಪು ಮೆಣಸಿನ ಪುಡಿ. ಲಾ ವೇರಾ ಪ್ರದೇಶದಲ್ಲಿ ಮೆಣಸನ್ನು ಓಕ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸಿ ಇದನ್ನು ಮಾಡುತ್ತಾರೆ. ಸಿಗದಿದ್ದರೆ ಬ್ಯಾಡಗಿ ಪುಡಿ ಹಾಕಬಹುದು. ಬಣ್ಣಕ್ಕೆ ಕೊರತೆಯಿಲ್ಲ, ಹೊಗೆಯ ಘಮ ಮಾತ್ರ ಸಿಗದು.

ಮುಂದಿನದು ಸುಲಭ. ಒಂದು ಲೋಟ ಅಕ್ಕಿಯನ್ನು ಇದರಲ್ಲಿ ಎರಡು ನಿಮಿಷ ಹೊರಳಿಸಿ, ಬೆಂದ ಕಾಳು ಹಾಕಿ, ಕುದಿಯುವ ನೀರು ಸುರಿಯಿರಿ. ಸ್ಪೇನಿನ ಬೊಂಬಾ ಅಕ್ಕಿ ಮೂರು ಲೋಟದವರೆಗೂ ಕುಡಿಯುತ್ತದೆ, ನಮ್ಮ ಸೋನಾ ಮಸೂರಿಗೆ ಎರಡು ಸಾಕು. ನೀರು ಬಿದ್ದ ಮೇಲೆ ಕೈಯಾಡಿಸುವಂತಿಲ್ಲ. ನೀರು ಇಂಗಿದಾಗ ಉರಿಯನ್ನು ಒಂದು ನಿಮಿಷ ಏರಿಸಿದರೆ ತಳದಲ್ಲಿ ಅನ್ನ ಕೆಂಪಗೆ, ಗರಿಗರಿಯಾಗಿ ಹಿಡಿಯುತ್ತದೆ. ವಲೆನ್ಸಿಯಾದವರು ಅದಕ್ಕೂ ಒಂದು ಹೆಸರಿಟ್ಟಿದ್ದಾರೆ, ‘ಸೊಕರ್ರಾತ್’. ಬಾಣಲೆ ಕೆರೆದು ಹಂಚಿಕೊಳ್ಳುವಾಗ ಎಲ್ಲರ ಕಣ್ಣೂ ಅದರ ಮೇಲೆಯೇ.